ಬಂಗಾರದ ಕುಡುಗೋಲು, ಮಾವಿನ ಮರದ ಬಂದಳಿಕೆ

ಜಯನಗರದ ಮೂರನೇ ಮಹಡಿಯ ಮನೆಯೊಂದರಲ್ಲಿ ಕಳೆದ ತಿಂಗಳು ಒಂದು ಭಾನುವಾರ ಐದು ಜನ ಬಂದಳಿಕೆಗಾಗಿ ಅರ್ಧ ಗಂಟೆ ಜಗಳವಾಡಿದರು. ಅಲ್ಲಿ ಬಂದಳಿಕೆಯೂ ಇರಲಿಲ್ಲ, ಅದು ಹಬ್ಬಿದ ಮರವೂ ಇರಲಿಲ್ಲ. ಇದ್ದದ್ದು ಊಟದ ಮೇಜು, ಪೆನ್ಸಿಲ್ಲಿನಲ್ಲಿ ಗೀಚಿದ ಹಾಳೆಗಳು, ಇಪ್ಪತ್ತು ಮುಖದ ದಾಳಗಳು ಮತ್ತು ಒಂದು ತಟ್ಟೆ ಕೋಡುಬಳೆ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ನಾನು ಹೋದದ್ದು ತಂಗಿಯ ಮಗಳ ಕರೆಗೆ. 'ಮಾಮ, ಸುಮ್ನೆ ಕೂತು ನೋಡು, ಮಧ್ಯೆ ಮಾತಾಡ್ಬೇಡ' ಎಂಬ ಷರತ್ತಿನ ಮೇಲೆ.

ವಾರವಿಡೀ ಬ್ಯಾಂಕೊಂದರ ಲೆಕ್ಕ ನೋಡುವ ಈ ಹುಡುಗಿ ಭಾನುವಾರ ಡ್ರೂಯಿಡ್ ಎಂಬ ನಿಸರ್ಗಪೂಜಾರಿ ಆಗುತ್ತಾಳೆ. ಮೈಗೆ ಚರ್ಮದ ಅಂಗಿ, ಕೈಯಲ್ಲಿ ದೊಣ್ಣೆ, ಬಾಯಲ್ಲಿ ಮಂತ್ರ. ಹುಲ್ಲಿಗೆ ಹೇಳಿದರೆ ಹುಲ್ಲು ಶತ್ರುವಿನ ಕಾಲು ಹಿಡಿಯುತ್ತದೆ, ಮೋಡಕ್ಕೆ ಹೇಳಿದರೆ ಸಿಡಿಲು ಬೀಳುತ್ತದೆ. ಕತೆ ನಡೆಸುವವನನ್ನು ಎಲ್ಲರೂ ಡಿಎಂ ಅನ್ನುತ್ತಾರೆ. ಈ ಡಿಎಂ ಕೊಡಗಿನ ಹುಡುಗ. ಅವನು ಕಟ್ಟಿದ ಕಾಡು ಪುಸ್ತಕದ ಓಕ್ ಕಾಡಲ್ಲ, ಅಪ್ಪಟ ದೇವರಕಾಡು. ಅದಕ್ಕೆ ಅವನದೇ ಒಂದು ನಿಯಮ: ಒಳಗೆ ಹೋದವರು ಒಣಕಡ್ಡಿಯನ್ನೂ ಮುರಿಯುವಂತಿಲ್ಲ.

ತೊಡಕು ಶುರುವಾದದ್ದು ಅಲ್ಲಿಂದಲೇ. ಅವನ ತಂದೆ ಅಮೆರಿಕದಲ್ಲಿ ಓದುವಾಗ ಕೊಂಡಿದ್ದ 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಎಂಬ ಆಟದ ನಿಯಮಪುಸ್ತಕ ಮನೆಯಲ್ಲಿತ್ತಂತೆ. ಅದರ ಹಳೆಯ ಕಟ್ಟಳೆಯೊಂದನ್ನು ಡಿಎಂ ಆ ದಿನ ಜಾರಿಗೆ ತಂದಿದ್ದ. ಡ್ರೂಯಿಡ್ ಮಂತ್ರ ಪೂರ್ತಿ ಫಲಿಸಬೇಕಾದರೆ ಮಿಸಲ್ಟೋ ಬೇಕು. ಅದನ್ನು ತಾನೇ ಕೊಯ್ದಿರಬೇಕು, ಅದೂ ಬಂಗಾರದ ಇಲ್ಲವೇ ಬೆಳ್ಳಿಯ ಕುಡುಗೋಲಿನಲ್ಲಿ. ಹೇಗೋ ತಂದ ಮಿಸಲ್ಟೋ ಆದರೆ ಮಂತ್ರದ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಮರದ ಮೇಲೆ ಮಿಸಲ್ಟೋ ಇದೆ, ಸೊಂಟದಲ್ಲಿ ಕುಡುಗೋಲಿದೆ, ಆದರೆ ಕಾಡು ದೇವರದು. ಕೊಯ್ಯದಿದ್ದರೆ ಮಂತ್ರವಿಲ್ಲ, ಕೊಯ್ದರೆ ಕಾಡು ಸುಮ್ಮನಿರುವುದಿಲ್ಲ.

'ಮಿಸಲ್ಟೋ ಅಂದ್ರೆ ಬಂದಳಿಕೆ ಅಲ್ವೇನೋ?' ಎಂದುಬಿಟ್ಟೆ. ಷರತ್ತು ಅಲ್ಲಿಗೆ ಮುರಿಯಿತು. ಅಲ್ಲಿದ್ದವರಲ್ಲಿ ಮೂವರಿಗೆ ಬಂದಳಿಕೆ ಎಂದರೆ ಕೆಲಸ ಮಾಡದೆ ಸಂಬಳ ಎಣಿಸುವವನು ಎಂದಷ್ಟೇ ಗೊತ್ತು. ಮಾವಿನ ಕೊಂಬೆಯ ಮೇಲೆ ಬೇರೆಯದೇ ಎಲೆ ಬಿಟ್ಟುಕೊಂಡು ಕೂರುವ ಗಿಡ ಅದು ಎಂದು ವಿವರಿಸಬೇಕಾಯಿತು.

ಈ ಗಿಡ ಆಟದೊಳಗೆ ಬಂದ ದಾರಿ ಸ್ವಾರಸ್ಯವಾಗಿದೆ. ನಿಜವಾದ ಡ್ರೂಯಿಡರು, ಅಂದರೆ ಪ್ರಾಚೀನ ಯೂರೋಪಿನ ಪೂಜಾರಿಗಳು, ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ. ಕೆಲವರು ಇಪ್ಪತ್ತು ವರ್ಷ ಬಾಯಿಪಾಠ ಮಾಡುತ್ತಿದ್ದರು ಎಂದು ಜೂಲಿಯಸ್ ಸೀಸರ್ ಬರೆದಿದ್ದಾನೆ. ನರಬಲಿ ಕೊಡುತ್ತಿದ್ದರು ಎಂದೂ ಅವನೇ ಬರೆದಿದ್ದಾನೆ. ಗೆಲ್ಲಲು ಹೋದವನ ಮಾತಾದ್ದರಿಂದ ಉಪ್ಪು ಖಾರ ಕಳೆದು ಓದಬೇಕು. ಬಂಗಾರದ ಕುಡುಗೋಲು ಬಂದದ್ದು ಪ್ಲಿನಿಯಿಂದ, ವೆಸೂವಿಯಸ್ ಸ್ಫೋಟದಲ್ಲಿ ಕ್ರಿ.ಶ. 79ರಲ್ಲಿ ತೀರಿಕೊಂಡ ಆ ರೋಮನ್ ಪಂಡಿತನಿಂದ. ಓಕ್ ಮರದ ಮೇಲೆ ಮಿಸಲ್ಟೋ ಸಿಗುವುದೇ ಅಪರೂಪ. ಸಿಕ್ಕರೆ ಚಂದ್ರನ ಆರನೇ ದಿನ ಬಿಳಿ ಬಟ್ಟೆಯುಟ್ಟ ಪೂಜಾರಿ ಮರ ಹತ್ತಿ ಬಂಗಾರದ ಕುಡುಗೋಲಿನಿಂದ ಕೊಯ್ಯುತ್ತಾನೆ, ಕೆಳಗಿನವರು ಬಿಳಿ ವಸ್ತ್ರದಲ್ಲಿ ಹಿಡಿಯುತ್ತಾರೆ, ಆಮೇಲೆ ಎರಡು ಬಿಳಿ ಹೋರಿಗಳ ಬಲಿ. ಆಟದಲ್ಲಿ ಹೋರಿಗಳು ಬಿಟ್ಟುಹೋದವು, ಕುಡುಗೋಲು ಉಳಿಯಿತು. ಬಂಗಾರ ಮೆತ್ತಗಿನ ಲೋಹ, ಅದರಲ್ಲಿ ಕೊಂಬೆ ಕೊಯ್ಯುವುದೆಂದರೆ ನನಗಂತೂ ನಂಬಿಕೆಯಿಲ್ಲ. ಕಂಚಿಗೆ ಬಂಗಾರದ ನೀರು ಕೊಟ್ಟಿರಬೇಕು.

ಮಿಕ್ಕ ಕತೆ ಚುಟುಕು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಶಿಲಾವೃತ್ತ ಡ್ರೂಯಿಡರದು ಎಂದು 1740ರಲ್ಲಿ ವಿಲಿಯಂ ಸ್ಟಕ್ಲಿ ಪುಸ್ತಕ ಬರೆದ. ಆ ಕಲ್ಲುಗಳಾದರೋ ಅವರಿಗಿಂತ ಸಾವಿರಾರು ವರ್ಷ ಹಳೆಯವು. 1792ರಲ್ಲಿ ಇಯೋಲೊ ಮೋರ್ಗಾನುಗ್ ಎಂಬ ವೇಲ್ಸ್ ಕವಿ ಲಂಡನ್ನಿನ ಗುಡ್ಡವೊಂದರ ಮೇಲೆ ತಾನೇ ಹೆಣೆದ ವಿಧಿಗಳನ್ನು ನಡೆಸಿ ಪುರಾತನವೆಂದು ನಂಬಿಸಿದ. ಆಟ ಹುಟ್ಟಿದ್ದು 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರಿಂದ. ಅದರಲ್ಲಿ ಡ್ರೂಯಿಡ್ ಮೊದಲು ಎದುರಾಳಿಯಾಗಿ ಬಂದ. 1976ರಲ್ಲಿ, ಮುಖ್ಯವಾಗಿ ಡೆನಿಸ್ ಸುಸ್ಟೇರ್ ಅವರಿಂದಾಗಿ, ಆಡುವವರೇ ತೊಡಬಹುದಾದ ವೇಷವಾದ. ಅದೇ ವರ್ಷ ಸುಸ್ಟೇರ್ ಇನ್ನೊಬ್ಬರೊಡನೆ ಸೇರಿ, ಆಡುವವರೆಲ್ಲ ಮೊಲಗಳಾಗುವ ಬೇರೊಂದು ಆಟವನ್ನೂ ಬರೆದರು. ಹುಲ್ಲಿನ ಕಡೆಯಿಂದ ಲೋಕ ನೋಡಬಲ್ಲ ಮನುಷ್ಯ, ಅಷ್ಟು ಸಾಕು.

1978ರ ಪುಟಗಳ ಜೆರಾಕ್ಸ್ ನನ್ನ ಕೈಗೂ ಬಂತು. ಹನ್ನೆರಡನೇ ಹಂತದ ಡ್ರೂಯಿಡರು ಲೋಕದಲ್ಲಿ ಒಂಬತ್ತೇ ಜನ ಇರಬಹುದು, ಅದರ ಮೇಲೆ ಮೂವರು, ತುತ್ತತುದಿಗೆ ಒಬ್ಬನೇ ಮಹಾ ಡ್ರೂಯಿಡ್. ಮೇಲೇರಬೇಕಾದರೆ ಮೇಲಿನವನನ್ನು ಕಾದಾಡಿ ಸೋಲಿಸಬೇಕು. ನಮ್ಮ ಕೆಲವು ಮಠಗಳ ಪೀಠದ ಜಗಳ ಕಂಡವರಿಗೆ ಇದು ಹೊಸದಲ್ಲ. ಲೋಹದ ಕವಚ ನಿಷಿದ್ಧ, ಲೋಹದ ಬಾಗುಕತ್ತಿಗೆ ಅಡ್ಡಿಯಿಲ್ಲ. ಪ್ರಾಣಿಯ ಚರ್ಮ ಸುಲಿದು ತೊಡಬಹುದು, ಮಣ್ಣಿನಿಂದ ಬಂದ ಕಬ್ಬಿಣ ಕೂಡದು! ತೊಟ್ಟರೆ ಏನಾಗುತ್ತದೆ ಎಂದು ಕೇಳಿ ಕೇಳಿ ಬೇಸತ್ತ ಆಟದ ಕಂಪನಿ, ಡ್ರೂಯಿಡ್ ಸಿಡಿದು ಚೂರಾಗುತ್ತಾನೆ ಎಂದು ಒಮ್ಮೆ ತಮಾಷೆಗೆ ಉತ್ತರ ಕೊಟ್ಟಿತ್ತು. 2024ರ ಪುಸ್ತಕದಲ್ಲಿ ಆ ನಿಷೇಧವೇ ಇಲ್ಲ.

ನನ್ನ ತಕರಾರು ಇರುವುದು ಈ ಸಡಿಲಿಕೆಯ ಮೇಲೆಯೇ. 2014ರ ಪುಸ್ತಕದ ಸಾಮಾನಿನ ಪಟ್ಟಿಯಲ್ಲಿ ಒಂದು ಕಡ್ಡಿ ಮಿಸಲ್ಟೋ ಬೆಲೆ ಒಂದು ಚಿನ್ನದ ನಾಣ್ಯ. ಅಂಗಡಿಗೆ ಹೋಗು, ಕೊಡು, ತಗೋ. ಗಾಂಧಿಬಜಾರಿನಲ್ಲಿ ನಾವು ಬಿಲ್ವಪತ್ರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊಳ್ಳುವ ಹಾಗೆ. ನಿಸರ್ಗಪೂಜೆ ಎಂದು ಹೆಸರು, ಆದರೆ ಮರದ ಹತ್ತಿರ ಹೋಗುವ ಕೆಲಸವೇ ಇಲ್ಲ. ಬಾಲ್ಡರ್ಸ್ ಗೇಟ್ 3 ಎಂಬ 2023ರ ಕಂಪ್ಯೂಟರ್ ಆಟದಲ್ಲಿ ಕರಡಿಯಾಗುವ ಡ್ರೂಯಿಡ್ ಹ್ಯಾಲ್ಸಿನ್‌ಗೆ ಅಭಿಮಾನಿಗಳು ಅಪಾರ. ನನಗೆ ಮಾತ್ರ ಕರಡಿಗಿಂತ, ಬೀಳುವ ಭಯದಲ್ಲಿ ಮರ ಹತ್ತುವ ಆ ಹಳೆಯ ಪೂಜಾರಿಯೇ ಹೆಚ್ಚು ಹಿಡಿಸುತ್ತಾನೆ.

ಮನೆಗೆ ಬಂದವನು ಮಿಸಲ್ಟೋ ಬೆನ್ನು ಹತ್ತಿದೆ. ಯೂರೋಪಿನದು ವಿಸ್ಕಮ್ ಆಲ್ಬಮ್, ಬಿಳಿ ಹಣ್ಣಿನದು. ನಮ್ಮ ಮಾವಿನ ಮರದ ಬಂದಳಿಕೆ ಅದರ ದೂರದ ದಾಯಾದಿ. ಎರಡಕ್ಕೂ ಹಸಿರೆಲೆಯಿದೆ, ಅಡುಗೆ ತಮ್ಮದೇ. ಮರದಿಂದ ಮುಖ್ಯವಾಗಿ ನೀರು ಉಪ್ಪು ಕದಿಯುತ್ತವೆ. ಹಣ್ಣಿನೊಳಗೆ ಅಂಟು, ಹಕ್ಕಿ ತಿಂದು ಹಿಕ್ಕೆ ಹಾಕಿದರೆ ಬೀಜ ಕೊಂಬೆಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಸಂಗತಿ ಓದಿ ಎದ್ದು ಕೂತೆ. ವಿಸ್ಕಮ್ ಅನ್ನು ಸಸ್ಯಶಾಸ್ತ್ರಜ್ಞರು ಈಗ ಸೇರಿಸಿರುವುದು ನಮ್ಮ ಶ್ರೀಗಂಧದ ಕುಟುಂಬಕ್ಕೆ. ಶ್ರೀಗಂಧವೂ ಪಕ್ಕದ ಗಿಡದ ಬೇರಿಗೆ ಬೇರು ಚುಚ್ಚಿ ಹೀರುವ ಜಾತಿಯೇ. ನಾವು ದೇವರಿಗೆ ತೇಯುವ ಗಂಧಕ್ಕೂ ಡ್ರೂಯಿಡರು ಕೈಮುಗಿದ ಕಡ್ಡಿಗೂ ನೆಂಟಸ್ತಿಕೆಯಿದೆ. ಇಬ್ಬರೂ ಪೂಜಿಸಿದ್ದು ಕಳ್ಳನನ್ನೇ.

ಆ ಭಾನುವಾರದ ಜಗಳ ಬಗೆಹರಿದದ್ದು ಹೀಗೆ. ತಂಗಿಯ ಮಗಳು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಒಮ್ಮೆಲೇ, 'ಹಕ್ಕಿ ತಿಂದ್ರೆ ಕಡಿದ ಹಾಗಾಗುತ್ತಾ?' ಎಂದಳು. ಡಿಎಂ ಹುಬ್ಬೇರಿಸಿದ. ಅವಳ ಡ್ರೂಯಿಡ್ ಎಂಟನೇ ಹಂತ ಮುಟ್ಟಿದ್ದರಿಂದ ಹಾರುವ ಪ್ರಾಣಿಯ ರೂಪ ತಳೆಯುವ ಹಕ್ಕಿತ್ತು. ಕುಡುಗೋಲನ್ನು ಮರದ ಬುಡದಲ್ಲಿಟ್ಟು, ಹಕ್ಕಿಯಾಗಿ ಹಾರಿ, ಒಂದು ಹಣ್ಣು ಕಚ್ಚಿಕೊಂಡು ಬಂದಳು. 'ದೇವರು ಒಪ್ತಾನಾ, ದಾಳ ಹಾಕು' ಎಂದ ಅವನು. ಹದಿನೇಳು ಬಿತ್ತು.

ಈ ಲೇಖನಕ್ಕೆಂದು ಊರಿಗೆ ಫೋನ್ ಮಾಡಿ ಹಿತ್ತಲ ಮಾವಿನ ಬಂದಳಿಕೆಯ ಫೋಟೊ ಕಳಿಸಲು ಅಣ್ಣನನ್ನು ಕೇಳಿದೆ. ಕೊಂಬೆ ಒಣಗುತ್ತಿದೆಯೆಂದು ಅದನ್ನು ಹಿಂದಿನ ವಾರವೇ ಕಡಿಸಿದ್ದನಂತೆ. ಕಬ್ಬಿಣದ ಕತ್ತಿಯಲ್ಲಿ.