ಅಪ್ಪನಿಗೆ ಜೈಲಾದರೂ ಮಗುವಿಗೆ ಶಾಲೆ ತಪ್ಪಬಾರದು



ಊರಲ್ಲಿ ಒಬ್ಬರು ಜೈಲಿಗೆ ಹೋದರೆ ಆ ಕೇಸಿನ ಮಾತು ತಿಂಗಳುಗಟ್ಟಲೆ ನಡೆಯುತ್ತದೆ. ಆ ಮನೆಯ ಮಗು ಶಾಲೆಗೆ ಹೋಗ್ತಾ ಇದೆಯಾ ಅಂತ ಕೇಳುವವರು ಕಡಿಮೆ. ಅರಸೀಕೆರೆಯ ತೆಂಗಿನ ತೋಟವಾಗಲಿ, ಬೇಲೂರಿನ ಕಾಫಿ ಎಸ್ಟೇಟಾಗಲಿ, ಕೂಲಿ ತರುವ ಕೈ ಒಂದು ಕಡಿಮೆಯಾದರೆ ತಾಯಿಯ ಮೇಲೆ ಎರಡು ಪಟ್ಟು ಭಾರ. ಆಗ ದೊಡ್ಡ ಮಗಳು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾಳೆ. ಮಗ "ಕಳ್ಳನ ಮಗ" ಅನ್ನೋ ಮಾತಿಗೆ ಹೆದರಿ ಶಾಲೆ ಬಿಡುತ್ತಾನೆ.

ಮಗುವಿಗೆ ಏನು ಹೇಳಬೇಕು?

"ಅಪ್ಪ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾರೆ" ಅಂತ ಸುಳ್ಳು ಹೇಳುವುದು ಬೇಡ. ನಾಳೆ ಬೇರೆಯವರ ಬಾಯಿಂದ ತಿಳಿದರೆ ಮಗು ತಾಯಿಯನ್ನೂ ನಂಬುವುದಿಲ್ಲ. ವಯಸ್ಸಿಗೆ ತಕ್ಕಷ್ಟು ನಿಜ ಹೇಳಿ, "ಇದರಲ್ಲಿ ನಿನ್ನ ತಪ್ಪೇನೂ ಇಲ್ಲ" ಅಂತ ಮತ್ತೆ ಮತ್ತೆ ತಿಳಿಸಬೇಕು. ಮಗು ಅಪ್ಪನನ್ನು ನೋಡಬೇಕೆಂದರೆ ಕರೆದುಕೊಂಡು ಹೋಗಬಹುದು. ಆದರೆ ಮಗುವಿಗೇ ಹಿಂಸೆ ಕೊಟ್ಟವನಾದರೆ ಒತ್ತಾಯ ಮಾಡಲೇಬಾರದು.

ಶಾಲೆಯಲ್ಲಿ

ತಾಯಿ ಒಬ್ಬಳೇ ಹೋಗಲು ಹಿಂಜರಿದರೆ ಸಂಘದವರೊಬ್ಬರು ಜೊತೆಗೆ ಹೋಗಿ. ಮುಖ್ಯೋಪಾಧ್ಯಾಯರಿಗೆ ಅಗತ್ಯವಿದ್ದಷ್ಟೇ ತಿಳಿಸಿ, ತರಗತಿಯಲ್ಲಿ ಹೇಳಬಾರದೆಂದು ಕೇಳಿಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಸಿಗಬೇಕು. ಹೊಡೆಯುವುದಷ್ಟೇ ಅಲ್ಲ, ಮಾನಸಿಕ ಕಿರುಕುಳವೂ ನಿಷಿದ್ಧ. ಹಳೇಬೀಡಿನ ಮಗು ಅಜ್ಜಿಯ ಊರಿಗೆ ಹೋದರೆ, ಟಿ.ಸಿ. ತಡವಾಯಿತೆಂದು ಅಲ್ಲಿನ ಸರ್ಕಾರಿ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ.

ತಾಯಿಯೇ ಜೈಲಿನಲ್ಲಿದ್ದರೆ?

2006ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಮಗು 6 ವರ್ಷದವರೆಗೆ ಅವಳ ಜೊತೆ ಇರಬಹುದು. ಹೊರಬರುವ ವಯಸ್ಸೇ ಒಂದನೇ ತರಗತಿಗೆ ಸೇರುವ ವಯಸ್ಸು. ಆದ್ದರಿಂದ ಯಾರ ಮನೆ, ಯಾವ ಶಾಲೆ ಅಂತ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಸಹಾಯ ಎಲ್ಲಿ?

• ನೋಡಿಕೊಳ್ಳುವವರಿಲ್ಲದ ಮಗುವಿಗಾಗಿ 1098ಕ್ಕೆ ಫೋನ್ ಮಾಡಿ. ಮಕ್ಕಳ ಕಲ್ಯಾಣ ಸಮಿತಿ ವ್ಯವಸ್ಥೆ ಮಾಡುತ್ತದೆ.
• ಹಾಸನದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪ್ರಾಯೋಜಕತ್ವ ಯೋಜನೆಯ ಬಗ್ಗೆ ವಿಚಾರಿಸಿ. ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಂತೆ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಆದಾಯದ ಮಿತಿ ಇದೆ.
• ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವೆಗೆ 15100.

ಇನ್ನು ನಮ್ಮ ಪಾಲಿನ ಕೆಲಸ. ವಾರದ ಸಭೆಯಲ್ಲಿ ಕೇಸಿನ ಚರ್ಚೆ ಬಿಡೋಣ. ಆ ತಾಯಿಗೆ ಕಂತು ಕಟ್ಟಲು ಸ್ವಲ್ಪ ಕಾಲಾವಕಾಶ ಕೊಡೋಣ. ಅವಳು ಕೋರ್ಟಿಗೆ ಹೋದ ದಿನ ಚಿಕ್ಕ ಮಗುವನ್ನು ಒಬ್ಬರು ನೋಡಿಕೊಂಡರೆ ದೊಡ್ಡವಳು ಶಾಲೆಗೆ ಹೋಗುತ್ತಾಳೆ. ನಮ್ಮ ಮಕ್ಕಳಿಗೂ ಹೇಳೋಣ: ಅವನನ್ನು ಹೆಸರು ಹಿಡಿದು ಕರಿ, ಪಕ್ಕದಲ್ಲೇ ಕೂತು ಊಟ ಮಾಡು.