ಕ್ಯಾನ್ಸರ್: ಮನಸ್ಸಿನ ನೋವಿಗೂ ಮದ್ದಿದೆ

ಜೀವಕೋಶಗಳ ಪಾಠ ನಡೆದಿತ್ತು. ಕೋಶಗಳು ಅಂಕೆ ತಪ್ಪಿ ವಿಭಜನೆಯಾಗುತ್ತಾ ಹೋದರೆ ಅದೇ ಕ್ಯಾನ್ಸರ್ ಎಂದು ವಿವರಿಸಿದೆ. ತರಗತಿ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಹಿಂದೆ ಉಳಿದು, "ಸರ್, ಅದು ಅಂಟ್ತೈತೇನ್ರಿ?" ಎಂದು ಮೆಲ್ಲಗೆ ಕೇಳಿದಳು. ಇಲ್ಲವೆಂದೆ. "ಹಂಗಾದ್ರ ಅವ್ವನ ಬಾಜು ಮಲಕೋಬಹುದೇನ್ರಿ?" ಎಂದಳು.

ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಯ ಜೊತೆ ಉಂಡರೆ, ಮಲಗಿದರೆ ಅದು ಬರುವುದಿಲ್ಲ. ಆದರೆ ಆ ತಾಯಿ ರೋಗದ ಜೊತೆಗೆ ಮಗಳ ಅಗಲಿಕೆಯನ್ನೂ ಅನುಭವಿಸುತ್ತಿದ್ದಳಲ್ಲ! ಒಂದೇ ರೋಗ, ಒಂದೇ ಹಂತದಲ್ಲಿರುವ ಇಬ್ಬರಲ್ಲಿ ಒಬ್ಬರು ತಾಳಿಕೊಳ್ಳುತ್ತಾರೆ, ಇನ್ನೊಬ್ಬರು ಕುಸಿಯುತ್ತಾರೆ. ಏಕೆ?

ಮೊದಲನೆಯದು, ದೇಹದ ನೋವು. ನೋವು ನಿದ್ದೆ ಕೆಡಿಸುತ್ತದೆ. ನಿದ್ದೆಗೆಟ್ಟ ಮನಸ್ಸಿನಲ್ಲಿ ಭಯ ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರ್ ನೋವಿಗೆ ಹಂತ ಹಂತವಾಗಿ ಔಷಧಿ ನೀಡುವ ಕ್ರಮವನ್ನು 1986ರಲ್ಲೇ ಪ್ರಕಟಿಸಿದೆ. ಆದ್ದರಿಂದ ನೋವನ್ನು ಸಹಿಸಿಕೊಂಡು ಕೂರದೆ ವೈದ್ಯರಿಗೆ ಹೇಳಬೇಕು.

ಎರಡನೆಯದು, ದೂರ ಮತ್ತು ದುಡ್ಡು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ರೋಗಿಗಳು 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಅದರದೇ ಕೇಂದ್ರವೊಂದು ಕಲಬುರಗಿಯಲ್ಲಿದ್ದರೂ ಕೀಮೋಥೆರಪಿಗೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ನಾಟಿಯ ಹಂಗಾಮಿನಲ್ಲಿ ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. "ನನ್ನಿಂದ ಮನೆ ಮುಳುಗಿತು" ಎಂಬ ಕೊರಗು ರೋಗಿಯನ್ನು ಕಾಡುತ್ತದೆ.

ಕೂದಲು ಉದುರುವುದು, ಸ್ತನ ತೆಗೆದಿರುವುದು, ಗುಟ್ಕಾದಿಂದ ಬಂದ ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಿಂದ ಮುಖ ಬದಲಾಗಿರುವುದು ಜನರೆದುರು ಬರಲು ಸಂಕೋಚ ತರುತ್ತವೆ. ಚಿಕ್ಕ ಮಕ್ಕಳಿರುವವರು, ಒಂಟಿಯಾಗಿರುವವರು, ಹಿಂದೆ ಖಿನ್ನತೆ ಇದ್ದವರು ಹೆಚ್ಚು ಬಳಲುತ್ತಾರೆ. "ಯಾವ ಜನ್ಮದ ಪಾಪವೋ" ಎಂಬ ನೆರೆಯವರ ಮಾತು ಗಾಯದ ಮೇಲೆ ಬರೆ ಎಳೆದಂತೆ.

ಇವೆಲ್ಲಕ್ಕೂ ಮನೆಯವರ ಮೌನ ಸೇರಿಕೊಳ್ಳುತ್ತದೆ. "ಅವರಿಗೆ ಹೇಳಬೇಡಿ ಡಾಕ್ಟ್ರೇ" ಎಂದು ಪ್ರೀತಿಯಿಂದಲೇ ಕೇಳಿಕೊಳ್ಳುತ್ತೇವೆ. ಆದರೆ ಆಸ್ಪತ್ರೆಯ ಫಲಕ ಓದಬಲ್ಲ ರೋಗಿಗೆ ವಿಷಯ ತಿಳಿಯದೇ? ಅವರು ನಮ್ಮಿಂದ, ನಾವು ಅವರಿಂದ ಮುಚ್ಚಿಡುತ್ತೇವೆ. ಕೊನೆಗೆ ಭಯವನ್ನು ಹಂಚಿಕೊಳ್ಳಲು ಅವರಿಗೆ ಯಾರೂ ಉಳಿಯುವುದಿಲ್ಲ.

ಈ ಸಂಕಟವನ್ನು ಅಳೆಯಲು ಅಮೆರಿಕದ ವೈದ್ಯರು 1998ರಲ್ಲಿ ಸರಳ ಮಾಪಕವೊಂದನ್ನು ಪ್ರಕಟಿಸಿದರು. ಜ್ವರ ನೋಡುವ ಥರ್ಮಾಮೀಟರಿನಂತಹ ಚಿತ್ರದ ಮೇಲೆ 0ಯಿಂದ 10ರವರೆಗೆ ಅಂಕಿಗಳು. ಕಳೆದ ಒಂದು ವಾರದಲ್ಲಿ ಮನಸ್ಸಿಗೆ ಎಷ್ಟು ಸಂಕಟವಾಯಿತೆಂದು ರೋಗಿಯೇ ಗುರುತಿಸಬೇಕು. ಸಾಮಾನ್ಯವಾಗಿ 4 ಅಥವಾ ಹೆಚ್ಚಾದರೆ ವೈದ್ಯರು ಮುಂದೆ ವಿಚಾರಿಸುತ್ತಾರೆ.

ಪಾಲಕರೇ, ಮಕ್ಕಳ ವಯಸ್ಸಿಗೆ ತಕ್ಕಂತೆ ನಿಜ ಹೇಳಿರಿ. ಹೇಳದಿದ್ದರೆ ಅವರು ಅದಕ್ಕಿಂತ ಭಯಂಕರವಾದುದನ್ನು ಊಹಿಸಿಕೊಳ್ಳುತ್ತಾರೆ. ವಿದ್ಯಾರ್ಥಿಗಳೇ, ಧೈರ್ಯ ತುಂಬುವ ದೊಡ್ಡ ಮಾತುಗಳು ಬೇಕಿಲ್ಲ. ಪಕ್ಕದಲ್ಲಿ ಕುಳಿತು ಅವರ ಮಾತು ಕೇಳಿರಿ. ದಿನಗಟ್ಟಲೆ ಊಟ, ನಿದ್ದೆ, ಮಾತು ಬಿಟ್ಟವರನ್ನು ವೈದ್ಯರಿಗೆ ತೋರಿಸಲೇಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಆ ಹುಡುಗಿಗೆ ನಾನು ಹೇಳಿದ್ದಿಷ್ಟೇ: "ಇವತ್ತೇ ಅವ್ವನ ಬಾಜು ಮಲಕೋವ್ವಾ."