ಎಂಟನೇ ಸೆಮಿಸ್ಟರಿನ ಮಳೆ ಲೆಕ್ಕ

ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷ ಮೂರು ನಾಲ್ಕು ಜನರ ತಂಡ ಕಟ್ಟಿಕೊಂಡು ಒಂದು ಪ್ರಾಜೆಕ್ಟ್ ಮಾಡುತ್ತಾರೆ. ವೈವಾ ಮುಗಿದ ಮೇಲೆ ಅದರ ರಿಪೋರ್ಟು ಬೈಂಡಾಗಿ ಡಿಪಾರ್ಟ್‌ಮೆಂಟಿನ ಬೀರು ಸೇರುವುದೇ ಹೆಚ್ಚು. ಓದುವ ಕ್ಯಾಂಪಸ್ಸನ್ನೇ ಅಧ್ಯಯನದ ವಸ್ತು ಮಾಡಿಕೊಂಡು, ಅಲ್ಲಿನ ನೀರು, ಕರೆಂಟು, ಮೆಸ್ಸಿನ ಕಸ, ಕಟ್ಟಡಗಳ ಲೆಕ್ಕ ತೆಗೆಯುವ ಪ್ರಾಜೆಕ್ಟುಗಳಿಗೆ ಈ ಗತಿಯಿಂದ ತಪ್ಪಿಸಿಕೊಳ್ಳುವ ಅವಕಾಶ ಸ್ವಲ್ಪ ಜಾಸ್ತಿ. ಅವುಗಳ ಫಲ ಕಾಣಬೇಕಾದದ್ದು ಕಾಲೇಜಿನ ಕರೆಂಟ್ ಬಿಲ್ಲಿನಲ್ಲಿ, ಬೋರ್‌ವೆಲ್ಲಿನಲ್ಲಿ.

ಹೊರದೇಶಗಳಲ್ಲಿ ಈ ಬಗೆಯ ಅಧ್ಯಯನಕ್ಕೆ ಮಾದರಿಯೆಂದು ಹೆಸರಿಸುವುದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳು 1989ರಲ್ಲಿ ತಮ್ಮ ಕ್ಯಾಂಪಸ್ಸಿನ ಬಗ್ಗೆ ಸಿದ್ಧಪಡಿಸಿದ ವರದಿಯನ್ನು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ ನೆಲ ಹದವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಆರಂಭವಾಯಿತು. ಮರುವರ್ಷ ಅದೇ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಹುಟ್ಟಿತು. ಈ ಮಂಡಳಿ 1977ರಿಂದ ನಡೆಸಿಕೊಂಡು ಬಂದಿರುವ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ರಾಜ್ಯದ ಕಾಲೇಜುಗಳಿಂದ ಪ್ರಸ್ತಾವಗಳನ್ನು ತರಿಸಿಕೊಂಡು, ಆಯ್ದವಕ್ಕೆ ಕೆಲವು ಸಾವಿರ ರೂಪಾಯಿ ನೆರವು ಕೊಡುತ್ತದೆ. ನಡುವೆ ತಜ್ಞರು ಕೆಲಸ ನೋಡುತ್ತಾರೆ, ಕೊನೆಗೆ ರಾಜ್ಯಮಟ್ಟದ ವಿಚಾರಸಂಕಿರಣ ಮತ್ತು ಪ್ರದರ್ಶನ. ಹಣ ದೊಡ್ಡದಲ್ಲ. ಕಾಲೇಜಿನ ಹೊರಗಿನವರೊಬ್ಬರು ಬಂದು ‘ಅಳತೆ ಎಲ್ಲಿ?’ ಎಂದು ಕೇಳುತ್ತಾರೆಂಬುದೇ ಅದರ ದೊಡ್ಡ ಉಪಕಾರ.

ಬಳ್ಳಾರಿಯಲ್ಲಿ ಇಂಥ ಕೆಲಸಕ್ಕೆ ಸಂಸ್ಥೆಗಳಿಗೇನೂ ಬರವಿಲ್ಲ. 1980ರಲ್ಲಿ ಆರಂಭವಾದ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಇಂಜಿನಿಯರಿಂಗ್ ಕಾಲೇಜು, 1997ರ ಬಳ್ಳಾರಿ ತಾಂತ್ರಿಕ ಮತ್ತು ವ್ಯವಸ್ಥಾಪನಾ ಸಂಸ್ಥೆ, 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇಲ್ಲಿವೆ. ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಬಳ್ಳಾರಿಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಈ ಬಿಸಿಲುನಾಡಿನ ಎರೆಮಣ್ಣನ್ನು ಅಭ್ಯಾಸ ಮಾಡುತ್ತಿದೆ.

ಹಲವು ತಂಡಗಳು ಮೊದಲು ಕೈಹಾಕುವ ವಿಷಯ ಮಳೆನೀರು ಕೊಯ್ಲು. ಬಳ್ಳಾರಿ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 500 ಮಿಲಿಮೀಟರ್. 1,000 ಚದರ ಮೀಟರಿನ ತಾರಸಿಯ ಮೇಲೆ ಅಷ್ಟು ಮಳೆ ಬಿದ್ದರೆ 5 ಲಕ್ಷ ಲೀಟರ್. ಆವಿ, ಸೋರಿಕೆ, ಮೊದಲ ಮಳೆಯ ಕೊಳೆನೀರು ಕಳೆದರೆ 4 ಲಕ್ಷ ದಕ್ಕೀತು. ಅದೇ ಕಟ್ಟಡ 300 ಮಂದಿಯ ಹಾಸ್ಟೆಲ್ ಎಂದಿಟ್ಟುಕೊಂಡರೆ, ತಲೆಗೆ 135 ಲೀಟರಿನಂತೆ ದಿನದ ಖರ್ಚೇ 40 ಸಾವಿರ ಲೀಟರ್ ಮುಟ್ಟುತ್ತದೆ. ವರ್ಷದ ಮಳೆಯೆಲ್ಲ ಹತ್ತು ದಿನಕ್ಕೆ ಖಾಲಿ! ಬಚ್ಚಲು, ಶೌಚಾಲಯ, ಅಡುಗೆಮನೆಗಳಿಂದ ಹೊರಹೋಗುವ ನೀರಾದರೋ ಬಳಕೆಯ ನೂರಕ್ಕೆ 80ರಷ್ಟು, ಅಂದರೆ ದಿನಕ್ಕೆ 32 ಸಾವಿರ ಲೀಟರ್. ಪ್ರದರ್ಶನದಲ್ಲಿ ಚೆಂದ ಕಾಣುವುದು ಮಳೆಕೊಯ್ಲಿನ ಮಾಡೆಲ್ಲೇ ಆದರೂ, ಇಲ್ಲಿ ಹೆಚ್ಚು ನೀರು ಉಳಿಸಬಲ್ಲದ್ದು ಕೊಳಚೆಯ ಶುದ್ಧೀಕರಣ ಮತ್ತು ಮರುಬಳಕೆ.

ಇನ್ನು ಮಣ್ಣಿನ ಮಾತು. ಬೆಂಗಳೂರಿನ ಇಂಗುಗುಂಡಿಯ ನಕಾಶೆಯನ್ನು ಹಾಗೇ ತಂದು ಕುರುಗೋಡು ಅಥವಾ ಸಿರುಗುಪ್ಪದ ಎರೆಭೂಮಿಯಲ್ಲಿ ತೋಡಿದರೆ ಫಲ ಸಿಗುವುದು ಕಷ್ಟ. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳೆಲ್ಲ ಮುಚ್ಚಿಕೊಂಡ ಮೇಲೆ ನೀರಿಂಗುವುದು ತೀರಾ ನಿಧಾನವಾಗುತ್ತದೆ. ಅಲ್ಲಿಗೆ ತೊಟ್ಟಿ ಅಥವಾ ಹೊಂಡವೇ ಸರಿ. ಬಳ್ಳಾರಿ ನಗರದ ಗುಡ್ಡಗಳ ಆಸುಪಾಸಿನ ಮಸಾರಿ ನೆಲದಲ್ಲಾದರೆ ಇಂಗಿಸುವ ಪ್ರಯತ್ನಕ್ಕೆ ಅರ್ಥವಿದೆ. ಮರುಬಳಕೆಗೂ ಒಂದು ಎಚ್ಚರ ಬೇಕು. ಸಾಬೂನು, ಡಿಟರ್ಜೆಂಟುಗಳ ಸೋಡಿಯಂ ಎರೆಮಣ್ಣಿನ ಕಣರಚನೆಯನ್ನು ಕೆಡಿಸುತ್ತದೆ. ತುಂಗಭದ್ರಾ ಕಾಲುವೆಯ ನೀರು ಹೆಚ್ಚಾಗಿ ಸವುಳು ಜವುಳಾದ ಗದ್ದೆಗಳನ್ನು ಸಿರುಗುಪ್ಪದ ಕಡೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶುದ್ಧೀಕರಿಸಿದ ನೀರನ್ನು ಗಿಡಕ್ಕೆ ಬಿಡುವ ಮುನ್ನ ಅದರ ಸೋಡಿಯಂ ಅಳೆಯುವುದೇ ಒಂದು ತಂಡಕ್ಕೆ ಸಾಲುವಷ್ಟು ಕೆಲಸ.

ಕಟ್ಟಡ ಸಾಮಗ್ರಿಯ ಪ್ರಾಜೆಕ್ಟುಗಳಿಗೆ ಸರಕು ಪಕ್ಕದಲ್ಲೇ ಇದೆ. ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ 100 ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ. ಅದನ್ನು ಸುಟ್ಟರೆ 4 ಕಿಲೋದಷ್ಟು ಬೂದಿ. ಬೂದಿಯ ಬಹುಪಾಲು ಸಿಲಿಕಾ. ಹದವಾದ ಶಾಖದಲ್ಲಿ ಸುಟ್ಟ ನಯವಾದ ಬೂದಿ ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲಿನ ಜಾಗ ತುಂಬಬಲ್ಲದು. ಶಾಖ ಮಿತಿಮೀರಿದರೆ ಸಿಲಿಕಾ ಹರಳುಗಟ್ಟಿ ಆ ಗುಣ ಹೋಗುತ್ತದೆ, ಹೀಗಾಗಿ ಮಿಲ್ಲಿನ ಬಾಯ್ಲರಿನ ಬೂದಿಯೆಲ್ಲವೂ ಒಂದೇ ಅಲ್ಲ. ಕುಡಿತಿನಿಯ ಶಾಖೋತ್ಪನ್ನ ಸ್ಥಾವರದ ಹಾರುಬೂದಿ ಇಟ್ಟಿಗೆಗೆ ಒದಗುತ್ತದೆ. ಅದು ಈಗಾಗಲೇ ಮಾರುಕಟ್ಟೆಯಲ್ಲಿರುವ ವಿದ್ಯೆ, ಹೊಸ ಸಂಶೋಧನೆಗೆ ಅಲ್ಲಿ ಎಡೆ ಕಡಿಮೆ.

ಕರೆಂಟಿನ ಲೆಕ್ಕ ಸುಲಭ. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನು 35ರ ಆಸುಪಾಸು. 500 ಫ್ಯಾನುಗಳು ದಿನಕ್ಕೆ 8 ತಾಸು ತಿರುಗಿದರೆ ಉಳಿತಾಯ 160 ಯೂನಿಟ್. ತಾರಸಿಗೆ ಸೋಲಾರ್ ಹಾಕುವ ಮೊದಲು ಇದನ್ನು ಮಾಡಿದರೆ ಪ್ಯಾನೆಲ್ಲುಗಳ ಸಂಖ್ಯೆಯೂ ತಗ್ಗುತ್ತದೆ. ಅಡುಗೆಯ ಇಂಧನಕ್ಕೆ ಬಂದರೆ, ಖಾಲಿ ಜಾಗದಲ್ಲಿ ಹಬ್ಬುವ ಬಳ್ಳಾರಿ ಜಾಲಿ ಒಳ್ಳೆಯ ಉರುವಲು. ಕಡಿದು ಮೆಸ್ಸಿನ ಒಲೆಗೆ ಗ್ಯಾಸಿಫೈಯರ್ ಮೂಲಕ ಉಣಿಸಬಹುದು.

ನ್ಯಾಕ್ ಮೌಲ್ಯಮಾಪನದಲ್ಲಿ ಹಸಿರು ಆಡಿಟ್, ಇಂಧನ ಆಡಿಟ್‌ಗಳಿಗೆ ಅಂಕಗಳು ಬಂದ ಮೇಲೆ ಕಾಲೇಜುಗಳಿಗೆ ಈ ಅಂಕಿಅಂಶ ಬೇಕಾಗಿದೆ. ಫೈಲು ತುಂಬುವುದಕ್ಕಷ್ಟೇ ಆಡಿಟ್ ನಡೆದರೆ ವಿದ್ಯಾರ್ಥಿಗಳಿಗೂ ಲಾಭವಿಲ್ಲ, ಕ್ಯಾಂಪಸ್ಸಿಗೂ ಇಲ್ಲ. ಮೋಟಾರ್, ಪೈಪು, ಮೀಟರುಗಳ ಮೇಲೆ ಕೈಯಿರುವುದು ನಿರ್ವಹಣಾ ವಿಭಾಗದ ಇಂಜಿನಿಯರಿಗೆ. ಅವರು ಎರಡನೇ ಗೈಡ್ ಆಗದ ಪ್ರಾಜೆಕ್ಟು ತಂಡ ಪಾಸಾಗಿ ಹೋದಂತೆ ನಿಂತೇ ಹೋಗುತ್ತದೆ.

ಕಾಲದ ತೊಡಕೂ ಒಂದಿದೆ. ಎಂಟನೇ ಸೆಮಿಸ್ಟರ್ ಸಾಮಾನ್ಯವಾಗಿ ಬೇಸಿಗೆಯಲ್ಲಿ ಮುಗಿಯುತ್ತದೆ. ಬಳ್ಳಾರಿಯ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ಒಂದು ಸೆಮಿಸ್ಟರಿಗೆ ಕಟ್ಟುಬಿದ್ದ ತಂಡ ಮಳೆಯನ್ನೇ ನೋಡದೆ ಮಳೆಕೊಯ್ಲಿನ ರಿಪೋರ್ಟು ಬರೆಯಬೇಕಾಗುತ್ತದೆ. ಆದ್ದರಿಂದ ನೀರಿನ ಪ್ರಾಜೆಕ್ಟನ್ನು ಏಳನೇ ಸೆಮಿಸ್ಟರಿನ ಮೊದಲ ವಾರದಲ್ಲೇ, ಮಳೆಮಾಪಕ ಮತ್ತು ನೀರಿನ ಮೀಟರ್ ಕೂರಿಸಿ ಶುರುಮಾಡಬೇಕು. ಅಳತೆ ಬರೆದಿಟ್ಟ ಪುಸ್ತಕವನ್ನು ಹೊರಹೋಗುವ ತಂಡ ಮುಂದಿನ ಬ್ಯಾಚಿಗೆ ಒಪ್ಪಿಸಿದರೆ ಎರಡು ಮಳೆಗಾಲದ ಅಳತೆ ಸಿಗುತ್ತದೆ; ತೊಟ್ಟಿ ಎಷ್ಟು ದೊಡ್ಡದಿರಬೇಕೆಂದು ಹೇಳಲು ಅಷ್ಟಾದರೂ ಬೇಕು.